ಬೂದಿಯಲ್ಲಿ ತೊಳೆದ ಉಂಡೆಗಳು

2004ನೇ ಇಸವಿ ಫೆಬ್ರವರಿ 14, ಶನಿವಾರ. ಬೆಳಿಗ್ಗೆ ಎಂಟೂಕಾಲು ಗಂಟೆ. ಸ್ಥಳ, ಕವಲಂದೆಯಿಂದ ಒಳಕ್ಕೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯ ಸರ್ಕಾರಿ ಶಾಲೆಯ ಅಡುಗೆಮನೆ. ಹಾಜರಿದ್ದವರು ನಾನು, ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿನಿ, ಶಾಲೆಯ ಮುಖ್ಯೋಪಾಧ್ಯಾಯರು, ಬಿಸಿಯೂಟದ ಅಡುಗೆಯಮ್ಮ ಮತ್ತು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ಅಧ್ಯಕ್ಷರು ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಇವತ್ತೇ ಬಿಚ್ಕೊಂಡು ಓಗ್ಬುಡಿ ಸಾ. ನಿಮ್ ಡ್ರಮ್ಮೂ ಬ್ಯಾಡ, ನಿಮ್ ನೀರೂ ಬ್ಯಾಡ. ನಮ್ ಮಕ್ಳು ಬೋರ್ ನೀರ್ ಕುಡ್ಕಂಡೇ ಇರ್ತವೆ.”

ಡ್ರಮ್ಮು ಎಂದರೆ ನಮ್ಮ ಫಿಲ್ಟರು. ಆ ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಇರಬೇಕಾದ ಮಿತಿಯ ಎರಡರಷ್ಟಿತ್ತು. ಮಕ್ಕಳ ಹಲ್ಲುಗಳ ಮೇಲೆ ಕಂದು ಗೆರೆ, ದೊಡ್ಡವರಿಗೆ ಕೂತರೆ ಏಳಲಾಗದ ಸೊಂಟ. ಆ ಫ್ಲೋರೈಡನ್ನು ಹೀರಿಕೊಳ್ಳುವ ವಸ್ತುವೊಂದನ್ನು ನಮ್ಮ ಪ್ರಯೋಗಾಲಯದಲ್ಲಿ ಮಾಡಿ, ದಸರಾ ರಜೆ ಮುಗಿದ ಮೇಲೆ ಈ ಶಾಲೆಯಲ್ಲಿ ಕೂರಿಸಿದ್ದೆವು. ಜನ ನಿಜವಾಗಿ ಕುಡಿಯುವ ನೀರಿನಲ್ಲಿ ಅದನ್ನು ಪರೀಕ್ಷಿಸಲು ನಮಗಿದ್ದದ್ದು ಇದೊಂದೇ ಜಾಗ. ಇಲ್ಲಿಂದ ಡ್ರಮ್ಮು ಎದ್ದರೆ ವಿದ್ಯಾರ್ಥಿನಿಯ ಕೆಲಸ ಬೀಕರಿನಲ್ಲೇ ಮುಗಿಯುತ್ತಿತ್ತು. ಮಕ್ಕಳು ಹಳೆಯ ನೀರಿಗೇ ಮರಳುತ್ತಿದ್ದರು.

ಆಗಿದ್ದಿಷ್ಟು. ಹಿಂದಿನ ದಿನ ಶುಕ್ರವಾರ, ಅಡುಗೆಯಮ್ಮ ಫಿಲ್ಟರಿನ ನೀರಿನಲ್ಲಿ ಬೇಳೆ ಬೇಯಲು ಇಟ್ಟು, ಅರಿಶಿನ ಹಾಕಿದ್ದರು. ಬೇಳೆ ಕೆಂಪಗಾಯಿತು. ಕಂದಲ್ಲ, ಕಿತ್ತಳೆಯೂ ಅಲ್ಲ. ಆರತಿ ತಟ್ಟೆಯ ನೀರಿನಂತೆ ಕೆಂಪು. ದೃಷ್ಟಿ ತೆಗೆದು ಮೂರು ದಾರಿ ಕೂಡುವಲ್ಲಿ ಚೆಲ್ಲುವ ನೀರಿನ ಬಣ್ಣ. ಹಾಲಿನ ಡೈರಿಗೆ ಕ್ಯಾನು ಹಾಕಿ ಅದೇ ದಾರಿಯಲ್ಲಿ ಬರುತ್ತಿದ್ದ ಅಧ್ಯಕ್ಷರು ಗದ್ದಲ ಕೇಳಿ ಒಳಗೆ ಬಂದು, ಪಾತ್ರೆ ನೋಡಿ, ಒಲೆಯಿಂದ ಕೆಳಗಿಳಿಸಿಬಿಟ್ಟರು. ಮಕ್ಕಳಿಗೆ ಅಂದು ಬರೀ ಅನ್ನ, ಮಜ್ಜಿಗೆ. ಮುಖ್ಯೋಪಾಧ್ಯಾಯರು ನಂಜನಗೂಡಿನ ನಮ್ಮ ಮನೆಗೆ ಫೋನ್ ಮಾಡಿದರು. “ಸರ್, ಬೇಗ ಬನ್ನಿ. ಬೇಳೆ ಕೆಂಪಾಗಿದೆ” ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ನಾನು ಬೆಳೆದದ್ದು ಮಠದ ಉಚಿತ ವಿದ್ಯಾರ್ಥಿ ನಿಲಯದಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಉಂಡ ತಟ್ಟೆಯನ್ನು ನಾವೇ ತೊಳೆದು ಕವುಚಿಡಬೇಕು. ಅಲ್ಲಿ ಕಲಿತ ಒಂದು ಅಭ್ಯಾಸ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಏನಾದರೂ ಕೆಟ್ಟರೆ ಮೊದಲು ಮಾತಾಡಬಾರದು, ಮೊದಲು ನೋಡಬೇಕು. ಆ ಶನಿವಾರವೂ ಹಾಗೇ ಮಾಡಿದೆ. ಒಂದು ಲೋಟ ಫಿಲ್ಟರ್ ನೀರು ಹಿಡಿದು, ಅಡುಗೆಯಮ್ಮನಿಂದ ಚಿಟಿಕೆ ಅರಿಶಿನ ಕೇಳಿ ಹಾಕಿದೆ. ಕೆಂಪಾಯಿತು. ಇನ್ನೊಂದು ಲೋಟಕ್ಕೆ ನೇರವಾಗಿ ಬೋರ್ ನೀರು ತುಂಬಿಸಿ ಅರಿಶಿನ ಹಾಕಿದೆ. ಹಳದಿಯಾಗಿಯೇ ಉಳಿಯಿತು. ಕೆಂಪು ಲೋಟಕ್ಕೆ ಒಂದಿಷ್ಟು ಹುಣಸೆಹುಳಿ ಕಿವುಚಿ ಬಿಟ್ಟೆ. ಕೆಂಪು ಹೋಗಿ ಹಳದಿ ಬಂತು. ನೀರಿಗೆ ಕ್ಷಾರ ಸೇರಿದೆ ಎಂಬುದು ಖಚಿತವಾಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿ ನೀರು ಕೆಂಪಾಗುವುದೂ ಅದೇ ಕಾರಣಕ್ಕೆ.

ಅಧ್ಯಕ್ಷರು ಲೋಟವನ್ನೇ ನೋಡುತ್ತಿದ್ದರು. “ಜಾದೂ ಚೆಂದಾಗದೆ ಮೇಷ್ಟ್ರೇ. ಆದ್ರೆ ಜಾದೂ ತೋರ್ಸೋರ ಕೈಲಿ ನೀರ್ ಕುಡೀಬೇಕಾ ನಮ್ ಮಕ್ಳು?”

ಒಂದು ವಿಷಯ ನನಗೆ ಅಲ್ಲೇ ಹೊಳೆಯಿತು. ಅಧ್ಯಕ್ಷರು ಪಾತ್ರೆ ಇಳಿಸದೆ ಹೋಗಿದ್ದರೆ ಅಡುಗೆಯಮ್ಮ ಮುಂದೆ ಹುಳಿ ಬಿಡುತ್ತಿದ್ದರು. ಬೇಳೆ ತಾನಾಗಿ ಹಳದಿಗೆ ತಿರುಗುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಮಕ್ಕಳು ಆ ನೀರನ್ನು ಕುಡಿಯುತ್ತಲೇ ಹೋಗುತ್ತಿದ್ದರು. ಅವರ ಕೋಪಕ್ಕೆ ಮೊದಲು ಕೃತಜ್ಞತೆ ಹೇಳಬೇಕಾದವನು ನಾನೇ. ಹೇಳಿದೆ ಕೂಡ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾವು ವಾರಕ್ಕೊಮ್ಮೆ ನೀರನ್ನು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಹಿಡಿದು ಮೈಸೂರಿಗೆ ಒಯ್ಯುತ್ತಿದ್ದೆವು. ಫ್ಲೋರೈಡಿಗೆ ಗಾಜಿನ ಬಾಟಲಿ ಆಗದು, ಗಾಜು ಅದನ್ನು ಕದಿಯುತ್ತದೆ. ಅಂದು ಮಾತ್ರ, ಏನಾಗಿದೆಯೋ ಎಂದು, ಬ್ಯಾಟರಿಯ ಮೀಟರನ್ನೇ ಹೊತ್ತು ತಂದಿದ್ದೆವು. ವಿದ್ಯಾರ್ಥಿನಿ ಎಲೆಕ್ಟ್ರೋಡ್ ಇಳಿಸಿ ಅಳತೆ ನೋಡಿದಳು. ಮತ್ತೆ ತೊಳೆದು, ಒರೆಸಿ, ಇನ್ನೊಮ್ಮೆ ನೋಡಿದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, “ಸರ್, ಒಳಗೆ ಹೋಗೋ ನೀರಿಗಿಂತ ಹೊರಗೆ ಬರೋ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇದೆ” ಎಂದಳು. ಅವಳ ಮುಖ ಬೆಳ್ಳಗಾಗಿತ್ತು.

ಅವಳು ತಿ. ನರಸೀಪುರದ ಹುಡುಗಿ. ಈ ವಸ್ತುವಿನ ಹಿಂದೆ ಅವಳ ಮೂರು ವರ್ಷಗಳಿದ್ದವು. ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿ ಕಾದ ಕುಲುಮೆಯಲ್ಲಿಟ್ಟರೆ ದ್ರಾವಣ ಕುದಿದು, ನೊರೆಯೆದ್ದು, ಒಂದು ಗಳಿಗೆ ಹೊತ್ತಿ ಉರಿದು, ಬಟ್ಟಲ ತುಂಬ ಹತ್ತಿಯಂಥ ಬಿಳಿ ಪುಡಿ ಉಬ್ಬಿಕೊಳ್ಳುತ್ತದೆ. ಅದು ನ್ಯಾನೊ ಅಲ್ಯೂಮಿನಾ. ಕಣ ಎಷ್ಟು ಸಣ್ಣದೆಂದರೆ ಹಿಡಿ ಪುಡಿಯಲ್ಲಿರುವ ಕಣಗಳ ಹೊರಮೈಯನ್ನೆಲ್ಲ ಬಿಡಿಸಿ ಹಾಸಿದರೆ ಗದ್ದೆಗಟ್ಟಲೆ ಆಗುತ್ತದೆ. ಆ ಮೈಗೆ ಫ್ಲೋರೈಡ್ ಅಂಟುತ್ತದೆ. ಸಣ್ಣದಾದ್ದರಿಂದಲೇ ತೊಂದರೆಯೂ ಇತ್ತು. ಪುಡಿ ನೀರಿನ ಜೊತೆ ಕೊಚ್ಚಿ ಹೋಗುತ್ತಿತ್ತು. ಅದಕ್ಕೆ ತನ್ನೂರಿನ ಹೊಳೆದಂಡೆಯ ಜೇಡಿಮಣ್ಣಿನಲ್ಲಿ ಕಲಸಿ, ಕಡಲೆಕಾಳಿನ ಗಾತ್ರದ ಉಂಡೆ ಕಟ್ಟಿ, ಅಲ್ಲಿನ ಕುಂಬಾರರೊಬ್ಬರ ಆವಿಗೆಯಲ್ಲಿ ಸುಡಿಸಿದಳು. ಮೊದಲ ಸಲ ಮಡಕೆಗೆ ಕೊಡುವಷ್ಟೇ ಕಾವು ಕೊಟ್ಟಿದ್ದರಿಂದ ಉಂಡೆಗಳು ಕಲ್ಲಾದವು. ರಂಧ್ರಗಳೆಲ್ಲ ಮುಚ್ಚಿ, ಹನಿ ಫ್ಲೋರೈಡನ್ನೂ ಹಿಡಿಯಲಿಲ್ಲ. ಆವಿಗೆಯ ಅಂಚಿನಲ್ಲಿ, ಕಾವು ಕಡಿಮೆ ಇರುವಲ್ಲಿ ಇಟ್ಟು ಸುಡುವ ಹದ ಸಿಗಲು ಮತ್ತೊಂದು ಬೇಸಿಗೆ ಬೇಕಾಯಿತು. ಇದೆಲ್ಲ ಆದ ಮೇಲೆ ಇಂಥ ಅಳತೆ ಬಂದರೆ ಮುಖ ಬೆಳ್ಳಗಾಗದೆ ಇನ್ನೇನು?

“ಉಂಡೆ ಕೆಟ್ಟುಹೋಯ್ತು ಅಂತೀಯಾ?” ಎಂದೆ.

“ಇನ್ನೇನು ಸರ್?”

“ಕೆಟ್ಟಿದ್ದರೆ ಹೀರುವುದನ್ನು ನಿಲ್ಲಿಸಬೇಕಿತ್ತು. ಒಳಗೆ ಹೋದಷ್ಟೇ ಹೊರಗೆ ಬರಬೇಕಿತ್ತು. ಹೆಚ್ಚು ಬರುತ್ತಿದೆ ಎಂದರೆ ಇಷ್ಟು ದಿನ ಹಿಡಿದುಕೊಂಡದ್ದನ್ನು ಬಿಡುತ್ತಿದೆ. ಯಾರೋ ಬಿಡಿಸಿದ್ದಾರೆ.”

ಇಬ್ಬರೂ ಅಡುಗೆಯಮ್ಮನ ಕಡೆ ತಿರುಗಿದೆವು. ಐವತ್ತರ ಆಸುಪಾಸಿನ, ಗಟ್ಟಿ ಕಂಠದ ಹೆಂಗಸು. ಅಡುಗೆಮನೆಯ ನೆಲದಲ್ಲಿ ಅನ್ನ ಹರಡಿ ಉಣ್ಣಬಹುದು, ಅಷ್ಟು ಚೊಕ್ಕಟ.

“ಅಮ್ಮಾ, ಈ ಡ್ರಮ್ಮಿನ ಮುಚ್ಚಳ ಯಾರಾದರೂ ತೆಗೆದಿದ್ದರಾ?”

“ಯಾರ್ ತಗೀತರೆ ಸಾ? ನಾನೇ ತಗ್ದೆ. ಬುಧವಾರ ಶಿವರಾತ್ರಿ ಅಲ್ವಾ? ಅಡಿಗ್ಮನೆ ತೊಳೀದೆ ಅಬ್ಬ ಮಾಡಕಾಯ್ತದಾ? ಬೇಸ್ತ್‌ವಾರ ಸಂಜೆ ಎಲ್ಲಾನೂ ಈಚೆಗೆ ಆಕಿ ತೊಳ್ದೆ. ಈ ಡ್ರಮ್ಮೊಂದ್ ಯಾಕ್ ಬುಡ್ಲಿ ಅಂತ ಮುಚ್ಚಳ ತಗುದ್ರೆ, ಶಿವಾ! ಗೋಲಿಗ್ಳ ಮ್ಯಾಗೆಲ್ಲ ಲೋಳೆ. ಎಲ್ಡು ಮಂಕ್ರಿಗೆ ತುಂಬ್ಕಂಡು, ಬೂದಿ ಆಕಿ ಆಕಿ ಉಜ್ಜಿ, ತೊಳ್ದು, ತಿರ್ಗ ತುಂಬಿವ್ನಿ. ನೋಡಿ, ಈಗ ಎಂಗ್ ಒಳೀತಾವೆ!”

“ಡ್ರಮ್ಮಿನ ಮೇಲೆ ‘ಯಾರೂ ಮುಟ್ಟಬಾರದು’ ಅಂತ ಬರೆಸಿದ್ದೆವಲ್ಲಮ್ಮಾ” ಎಂದರು ಮುಖ್ಯೋಪಾಧ್ಯಾಯರು. ಅವರ ದನಿ ಅಳುವಂತಿತ್ತು.

“ಅದಾ? ಅದೂ ಮಸಿ ಮಸಿ ಆಗಿತ್ತು ಮೇಷ್ಟ್ರೇ. ಅದನ್ನೂ ಉಜ್ಜಿ ತಗ್ದೆ.”

ಅಧ್ಯಕ್ಷರಿಗೂ ನಗು ಬಂತು. ಮೀಸೆಯ ಮೇಲೆ ಕೈಯಿಟ್ಟು ತಡೆದುಕೊಂಡರು. ವಿದ್ಯಾರ್ಥಿನಿ ಮಾತ್ರ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅಡುಗೆಯಮ್ಮ ಅದನ್ನು ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಹೋದರು. “ಯಾಕವ್ವಾ? ನಾನೇನಾರ ತಪ್ ಮಾಡ್ದೆನಾ? ಮಕ್ಳು ಕುಡಿಯೋ ನೀರು ಅಂತ ತೊಳ್ದೆ ಕಣವ್ವಾ.”

ಡ್ರಮ್ಮಿನೊಳಗೆ ಕೈಹಾಕಿ ಒಂದು ಉಂಡೆ ತೆಗೆದು ಬೆರಳ ನಡುವೆ ಉಜ್ಜಿದೆ. ಜಾರಿತು. ನಲವತ್ತು ವರ್ಷಗಳ ಹಿಂದೆ ನಿಲಯದ ತೊಟ್ಟಿಯ ಬಳಿ ಬೂದಿಯಲ್ಲಿ ತಟ್ಟೆ ಉಜ್ಜುವಾಗ ಬೆರಳಿಗೆ ತಾಕುತ್ತಿದ್ದ ಅದೇ ಜಾರು. ಒಲೆಯಲ್ಲಿ ಉರಿದಿದ್ದು ಜಾಲಿ, ಹುಣಸೆ ಸೌದೆ. ಆ ಬೂದಿಗೆ ನೀರು ಬಿದ್ದರೆ ಒಳ್ಳೆಯ ಕ್ಷಾರ ಇಳಿಯುತ್ತದೆ.

ಅಲ್ಲಿ ನನಗೆ ಮೈಸೂರಿನ ಒಂದು ಸಭೆ ನೆನಪಾಯಿತು. ಹಿಂದಿನ ಜೂನ್ ತಿಂಗಳಲ್ಲಿ ಯೋಜನೆಯ ಪರಿಶೀಲನೆಗೆ ಬಂದಿದ್ದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದ್ದರು. “ನಿಮ್ಮ ಉಂಡೆಯಲ್ಲಿ ಫ್ಲೋರೈಡ್ ತುಂಬಿದ ಮೇಲೆ ಅದನ್ನು ಬರಿದು ಮಾಡುವವರು ಯಾರು? ಪ್ರಯೋಗಾಲಯದಲ್ಲಿ ಕಾಸ್ಟಿಕ್ ಸೋಡಾ ಹಾಕುತ್ತೀರಿ. ಹಳ್ಳಿಯ ಶಾಲೆಯಲ್ಲಿ, ಮಕ್ಕಳ ನಡುವೆ, ಕಾಸ್ಟಿಕ್ ಸೋಡಾ ಇಡುತ್ತೀರಾ?” ಇಡುವಂತಿರಲಿಲ್ಲ. ಚರ್ಮ ಸುಡುವ ವಸ್ತು ಅದು. ಪ್ರತಿ ಸಲ ಉಂಡೆಗಳನ್ನು ಮೂಟೆ ಕಟ್ಟಿ ಮೈಸೂರಿಗೆ ತರುತ್ತೇವೆ ಎಂದು ಹೇಳಿ ಪಾರಾಗಿದ್ದೆ. ಹೇಳಿದ ನನಗೂ ಕೇಳಿದ ಅವರಿಗೂ ಅದು ನಡೆಯುವ ಮಾತಲ್ಲ ಎಂದು ಗೊತ್ತಿತ್ತು.

ಕಾಸ್ಟಿಕ್ ಸೋಡಾ ಮಾಡುವ ಕೆಲಸ ಒಂದೇ: ಕ್ಷಾರದಿಂದ ಫ್ಲೋರೈಡನ್ನು ಉಂಡೆಯ ಮೈಯಿಂದ ಬಿಡಿಸುವುದು. ಗುರುವಾರ ಸಂಜೆ ಆ ಮಂಕರಿಯಲ್ಲಿ ನಡೆದದ್ದೂ ಅದೇ. ಅರ್ಧ ಮಾತ್ರ ನಡೆದಿತ್ತು. ಬಿಡಿಸಿದ ಮೇಲೆ ಹುಳಿಯಲ್ಲಿ ತೊಳೆದು ಕ್ಷಾರವನ್ನು ಕೊಲ್ಲಬೇಕು. ಅದಾಗಿರಲಿಲ್ಲ.

“ಅಧ್ಯಕ್ಷರೇ,” ಎಂದೆ, “ಇವತ್ತು ಡ್ರಮ್ಮಿನ ನಲ್ಲಿ ಕಟ್ಟಿಹಾಕುತ್ತೇನೆ. ಯಾರೂ ಕುಡಿಯಬೇಡಿ. ಉಂಡೆಗಳಲ್ಲಿ ಅರ್ಧದಷ್ಟನ್ನು ಒಯ್ಯುತ್ತೇನೆ. ನನಗೆ ಒಂದು ತಿಂಗಳು ಕೊಡಿ. ನಿಮ್ಮ ಸಮಿತಿ ಸೇರುವ ದಿನ ಬಂದು, ನಿಮ್ಮೆದುರು ನೀರು ಹಿಡಿಯುತ್ತೇನೆ. ಒಪ್ಪಿಗೆಯಾಗದಿದ್ದರೆ ನಾನೇ ಬಿಚ್ಚಿಕೊಂಡು ಹೋಗುತ್ತೇನೆ.”

ಅವರು ಡ್ರಮ್ಮಿನ ಮೇಲೆ ಕೈಯಿಟ್ಟು ಹೇಳಿದರು. “ನಮ್ಮೂರ್ ಎಣ್ಣ ನೋಡಕ್ ಬಂದೋರು ಮೊದ್ಲು ಬಾಯ್ ಬುಡ್ಸಿ ಅಲ್ಲು ನೋಡ್ತರೆ ಸಾ, ಸಂತೇಲಿ ಎತ್ತ್ ನೋಡ್ದಂಗೆ. ಅದ್ಕೇ ನಿಮ್ ಡ್ರಮ್ ಇಡಕೆ ನಾನೇ ಮುಂದ್ ನಿಂತು ಎಲ್ರುನೂ ಒಪ್ಸಿದ್ದು. ಈಗ ಊರೋರೆಲ್ಲ ನನ್ನ ಉಗೀತಾವ್ರೆ. ಒಂದ್ ತಿಂಗ್ಳು. ಅಷ್ಟೇಯ.”

ಗೋಣಿಚೀಲದಲ್ಲಿ ಉಂಡೆಗಳು, ಒಂದು ಡಬ್ಬಿಯಲ್ಲಿ ಒಲೆಯ ಬೂದಿ. ಎರಡನ್ನೂ ಹೊತ್ತು ಮಧ್ಯಾಹ್ನದ ಬಸ್ಸಿಗೆ ನಂಜನಗೂಡಿಗೆ ಬಂದು, ಅಲ್ಲಿಂದ ಮೈಸೂರಿಗೆ ಹೋದೆವು.

ಮೊದಲ ವಾರ ಪರೀಕ್ಷಿಸಿದ್ದು ಒಂದೇ ಪ್ರಶ್ನೆ. ಬೂದಿ ಉಜ್ಜಿದ ಉಂಡೆಗೆ ಹುಳಿ ಸ್ನಾನ ಮಾಡಿಸಿದರೆ ಮತ್ತೆ ಫ್ಲೋರೈಡ್ ಹಿಡಿಯುತ್ತದೆಯೇ? ಹಿಡಿಯಿತು. ಹೊಸ ಉಂಡೆಯಷ್ಟಲ್ಲ, ಆದರೆ ಹೊಸದಕ್ಕೆ ತೀರ ಹಿಂದೆಯೂ ಅಲ್ಲ. ವಿದ್ಯಾರ್ಥಿನಿ ನಂಬಲಿಲ್ಲ. ಬೇರೆ ಉಂಡೆ, ಬೇರೆ ಬೂದಿ, ಬೇರೆ ದಿನ ಎಂದು ಮಾಡಿ ನೋಡಿದಳು. ಅದೇ ಉತ್ತರ.

ಎರಡನೆಯ ವಾರ ಬೂದಿಯ ಸರದಿ. ಬೂದಿಯಲ್ಲಿ ನೇರವಾಗಿ ಉಜ್ಜಿದರೆ ಅದರ ಪುಡಿ ಉಂಡೆಗಳ ನಡುವೆ ಕಟ್ಟಿಕೊಂಡು ನೀರು ಇಳಿಯುವುದು ನಿಧಾನವಾಗುತ್ತದೆ. ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿ, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ಬಳಸಿದರೆ ಆ ತೊಂದರೆಯಿಲ್ಲ. ಸೌದೆಯ ಬೂದಿ ಆಗುತ್ತದೆ. ಬೆರಣಿಯ ಬೂದಿ ಸಾಲದು, ಅದರಲ್ಲಿ ಮರಳಂಥ ಅಂಶವೇ ಹೆಚ್ಚು. ಇನ್ನು ತೊಳೆದ ನೀರು. ಉಂಡೆಗಳು ತಿಂಗಳುಗಟ್ಟಲೆ ಹೀರಿದ್ದ ಫ್ಲೋರೈಡೆಲ್ಲ ಅದರಲ್ಲಿರುತ್ತದೆ. ಅದನ್ನು ಚರಂಡಿಗೆ ಚೆಲ್ಲಿದರೆ ದನವೋ ಕೋಳಿಯೋ ಕುಡಿಯುತ್ತದೆ. ಒಂದು ಗುಂಡಿ ತೋಡಿ ಸುಣ್ಣ ಹಾಕಿ ಅಲ್ಲಿ ಸುರಿದರೆ ಫ್ಲೋರೈಡ್ ಸುಣ್ಣದ ಜೊತೆ ಸೇರಿ ಗಟ್ಟಿಯಾಗಿ ತಳದಲ್ಲಿ ಕೂರುತ್ತದೆ. ಇದನ್ನೂ ಪರೀಕ್ಷಿಸಿ ಖಚಿತಪಡಿಸಿಕೊಂಡೆವು.

ಮೂರನೆಯ ವಾರ ಹುಳಿಯಲ್ಲಿ ಸಿಕ್ಕಿಬಿದ್ದೆವು. ಅಂದು ಹೊರಡುವ ಮುಂಚೆ ಅಡುಗೆಯಮ್ಮನನ್ನು ಕೇಳಿದಾಗ, “ಉಣಸೆಅಣ್ಣು ಆಕಿ ಸಾ, ತಾಮ್ರದ್ ಬಿಂದ್ಗೆ ಎಂಗ್ ಬೆಳಗ್ತದೆ ನೋಡಿಲ್ವಾ?” ಎಂದಿದ್ದರು. ಶಾಲೆಯ ಅಂಗಳದಲ್ಲೇ ಹುಣಸೆಮರವಿತ್ತು. ನನಗೂ ಅದು ಸರಿಯೆನಿಸಿತು. ಪ್ರಯೋಗಾಲಯದಲ್ಲಿ ಮೊದಲ ದಿನ ಎಲ್ಲ ಚೆನ್ನಾಗಿತ್ತು. ಮೂರು ದಿನ ಬಿಟ್ಟು ನೋಡಿದರೆ ಉಂಡೆಗಳು ಕಂದಾಗಿ, ಲೋಳೆ ಕಟ್ಟಿ, ಹುಳಿತ ವಾಸನೆ. ಹುಣಸೆಯ ತಿರುಳು ರಂಧ್ರದೊಳಗೆ ಕೂತುಬಿಡುತ್ತದೆ. ಅದನ್ನು ಕೈಬಿಟ್ಟು ಶೋಧಿಸಿದ ನಿಂಬೆರಸ ಹಿಡಿದೆವು. ವಾಸನೆಯಿಲ್ಲ, ಬಣ್ಣವಿಲ್ಲ. ಹುಳಿ ಹೆಚ್ಚಾದರೆ ಉಂಡೆಯಿಂದ ಅಲ್ಯೂಮಿನಿಯಂ ಕರಗಿ ನೀರಿಗೆ ಬರುವ ಭಯವಿತ್ತು. ಎಷ್ಟು ನೀರಿಗೆ ಎಷ್ಟು ಹಣ್ಣು ಎಂಬ ಹದವನ್ನು ಅವಳೇ ಕಂಡುಹಿಡಿದಳು.

ನಿರ್ಧಾರದ ಗಳಿಗೆ ಬಂದದ್ದು ಆಮೇಲೆ. ಒಂದು ಮಧ್ಯಾಹ್ನ ಅವಳು ತನ್ನ ಗ್ರಾಫ್ ಹಾಳೆ ತಂದು ಮೇಜಿನ ಮೇಲೆ ಹಾಸಿದಳು. ಫಿಲ್ಟರು ಕೂರಿಸಿದ ದಿನದಿಂದ ಪ್ರತಿ ವಾರದ ಅಳತೆ ಅದರಲ್ಲಿತ್ತು. ಗೆರೆ ಕೆಳಗೆ ಸಮನಾಗಿ ಹೋಗಿ, ಫೆಬ್ರವರಿಯ ಹೊತ್ತಿಗೆ ನಿಧಾನವಾಗಿ ಮೇಲೇಳತೊಡಗಿತ್ತು. ಉಂಡೆಗಳು ಪೂರ್ತಿ ತುಂಬುವ ತನಕ ಈ ಗೆರೆಯನ್ನು ಮುರಿಯದೆ ಎಳೆಯಬೇಕೆಂಬುದು ನಮ್ಮ ಯೋಜನೆ. ಆ ಗೆರೆಯೇ ಅವಳ ಪ್ರಬಂಧದ ಬೆನ್ನೆಲುಬು.

“ಸರ್, ಹೊಸ ಉಂಡೆ ಹಾಕಿಬಿಡೋಣ. ಡ್ರಮ್ಮಿಗೆ ಬೀಗ ಹಾಕೋಣ. ಮೊದಲಿನಿಂದ ಅಳೀತೀನಿ. ಆರು ತಿಂಗಳು ಹೋದರೆ ಹೋಗಲಿ. ಬೂದಿ ವಿಷಯ ಬರೆದರೆ ನನ್ನ ಗ್ರಾಫ್ ನಡುವೆ ಮುರಿದುಹೋಗುತ್ತೆ.”

ಪಕ್ಕದ ಕೋಣೆಯ ಸಹೋದ್ಯೋಗಿಯೊಬ್ಬರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. “ಬೂದಿ ಅಂತ ಬರೀಬೇಡಿ ಸ್ವಾಮಿ, ಪೊಟ್ಯಾಸಿಯಂ ಕಾರ್ಬೊನೇಟ್ ಅಂತ ಬರೀರಿ. ಬೂದಿ ಅಂದ್ರೆ ಪರೀಕ್ಷಕರು ಹಣೆಗೆ ಹಚ್ಕೋತಾರೆ” ಎಂದು ನಗಿಸಿ ಹೋದರು.

ನಾನು ಆ ಸಂಜೆ ಯೋಚಿಸಿದೆ. ಬೀಗ ಹಾಕಿದರೆ ಗೆರೆ ಚೆಂದವಾಗಿ ಬರುತ್ತದೆ. ಗೆರೆ ಮುಗಿದ ದಿನ ಉಂಡೆ ತುಂಬಿರುತ್ತದೆ, ಬೀಗದ ಕೈ ನಮ್ಮ ಬಳಿ ಇರುತ್ತದೆ, ಮಕ್ಕಳು ಬೋರ್ ನೀರಿಗೆ ಹೋಗುತ್ತಾರೆ. ಆ ಹಿರಿಯರು ಜೂನ್ ತಿಂಗಳಲ್ಲಿ ಕೇಳಿದ ಪ್ರಶ್ನೆ ಹಾಗೇ ಉಳಿದಿರುತ್ತದೆ. ನಾವು ಗುರುವಾರದ ತೊಳೆತವನ್ನು ತಡೆಯಲು ನೋಡುತ್ತಿದ್ದೇವೆ. ತೊಳೆಯುವ ಕೈಗೆ ಇನ್ನರ್ಧ ಕೆಲಸ ಕೊಡುವುದೇ ಸರಿಯಲ್ಲವೇ?

ಮರುದಿನ ಅವಳಿಗೆ ಹೇಳಿದೆ. “ಗೆರೆ ಮುರಿಯಲಿ. ಮುರಿದ ಜಾಗದಲ್ಲೇ ಬಾಣ ಹಾಕಿ ‘ಬೂದಿ’ ಅಂತ ಬರಿ. ಅಲ್ಲಿಂದ ಮುಂದಿನ ಗೆರೆಯೇ ನಿನ್ನ ಪ್ರಬಂಧ.”

ಅವಳು ಒಪ್ಪಿದಳು ಎನ್ನಲಾರೆ. ಎರಡು ದಿನ ನನ್ನ ಜೊತೆ ಕೆಲಸದ ಮಾತು ಬಿಟ್ಟರೆ ಬೇರೆ ಆಡಲಿಲ್ಲ. ಮೂರನೆಯ ದಿನ ಅವಳೇ ಬಂದು, “ಸರ್, ಒಂದು ಬಾಕಿಯಿದೆ. ಕ್ಷಾರ ಪೂರ್ತಿ ಹೋಯಿತೋ ಇಲ್ಲವೋ ಅಂತ ಅಡುಗೆಯಮ್ಮನಿಗೆ ಹೇಗೆ ಗೊತ್ತಾಗಬೇಕು? ಅವರ ಹತ್ತಿರ ಮೀಟರ್ ಇರಲ್ಲವಲ್ಲ” ಎಂದಳು. ಕೇಳಿದ ಮರುಗಳಿಗೆ ತಾನೇ ಹಣೆಗೆ ಕೈಯಿಟ್ಟುಕೊಂಡು ನಕ್ಕಳು. “ಅರಿಶಿನ!”

ಕುಡಿಯುವ ನೀರಿನಲ್ಲಿ ಕ್ಷಾರ ಎಲ್ಲಿಗೆ ನಿಲ್ಲಬೇಕೋ ಸುಮಾರಾಗಿ ಅಲ್ಲೇ ಅರಿಶಿನ ಕೆಂಪಿಗೆ ತಿರುಗತೊಡಗುತ್ತದೆ. ಹಳದಿ ಉಳಿದರೆ ಕ್ಷಾರ ಮಿತಿಯಲ್ಲಿದೆ. ಊರನ್ನೇ ಹೆದರಿಸಿದ್ದ ಬಣ್ಣವನ್ನೇ ಊರಿನ ಕೈಗೆ ಮೀಟರಾಗಿ ಕೊಟ್ಟೆವು.

ಸಮಿತಿ ಸೇರಿದ್ದು ಮಾರ್ಚ್ ನಡುವಿನ ಒಂದು ಶನಿವಾರ. ಹಿಂದಿನ ದಿನವೇ ವಿದ್ಯಾರ್ಥಿನಿ ಹೋಗಿ ಅಡುಗೆಯಮ್ಮನ ಜೊತೆ ಬೂದಿ ನೆನೆಹಾಕಿ, ಗುಂಡಿ ತೋಡಿಸಿ, ಸುಣ್ಣ ಹಾಕಿಸಿ, ತೊಳೆಯುವ ಕ್ರಮವನ್ನೆಲ್ಲ ಹೇಳಿಕೊಟ್ಟು ಬಂದಿದ್ದಳು. ನಾನು ಬೆಳಗಿನ ಮೊದಲ ಬಸ್ಸಿಗೆ ಮೀಟರಿನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಅವಳ ಜೊತೆ ಹೋದೆ. ಶಾಲೆ ಬಿಟ್ಟ ಮೇಲೆ ಅಡುಗೆಮನೆಯ ಮುಂದೆ ಸಮಿತಿಯವರು, ತಾಯಂದಿರು, ಸುಮ್ಮನೆ ಬಂದವರು ಎಲ್ಲ ಸೇರಿದರು. ಅಧ್ಯಕ್ಷರು ಈ ಸಲವೂ ಕೂರಲಿಲ್ಲ.

ಕೆಲಸವೆಲ್ಲ ಅಡುಗೆಯಮ್ಮನದು. ನಾವಿಬ್ಬರೂ ಕೈಕಟ್ಟಿ ನಿಲ್ಲುವುದೆಂದು ಮೊದಲೇ ಮಾತಾಗಿತ್ತು. ಉಂಡೆಗಳನ್ನು ಮಂಕರಿಗೆ ತುಂಬಿ, ಮಂಕರಿಯನ್ನು ಅಗಲವಾದ ಪಾತ್ರೆಯಲ್ಲಿಟ್ಟರು. ಬೂದಿಯ ತಿಳಿನೀರು ಹೊಯ್ದು, ರಾಗಿ ತೊಳೆಯುವಂತೆ ತಿರುವಿ ತಿರುವಿ ತೊಳೆದು, ಆ ನೀರನ್ನು ಸುಣ್ಣದ ಗುಂಡಿಗೆ ಸುರಿದರು. ಆಮೇಲೆ ನಿಂಬೆರಸದ ನೀರು. ಆಮೇಲೆ ಬರೀ ನೀರು. ಡ್ರಮ್ಮಿಗೆ ತುಂಬಿ, ಮೇಲಿನಿಂದ ಬೋರ್ ನೀರು ಬಿಟ್ಟು, ನಲ್ಲಿಯಿಂದ ಮೊದಲ ಕೊಡ ಹಿಡಿದು ಚೆಲ್ಲಿದರು. ಎರಡನೆಯ ಕೊಡದಿಂದ ಒಂದು ಲೋಟ ತೆಗೆದು ಅರಿಶಿನ ಹಾಕಿದರು.

ಕೆಂಪಾಯಿತು.

ಹಿಂದಿನ ಸಾಲಿನಲ್ಲಿ ಯಾರೋ, “ನಾ ಯೋಳ್ಳಿಲ್ವಾ” ಎಂದರು. ಒಬ್ಬ ತಾಯಿ ತನ್ನ ಮಗಳ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ವಿದ್ಯಾರ್ಥಿನಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ, ಬೇಡ ಎಂದು. ಮುಂದಕ್ಕೆ ಹೋಗಿ ನಾಲ್ಕು ಮಾತು ವಿವರಿಸುವುದು ಸುಲಭವಿತ್ತು. ಆದರೆ ನಾವು ಊರಿಗೆ ಹೋದ ಮೇಲೆ ಇನ್ನೊಮ್ಮೆ ಕೆಂಪಾದರೆ ವಿವರಿಸಲು ಯಾರಿರುತ್ತಾರೆ?

ಅಡುಗೆಯಮ್ಮ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಜನರ ಕಡೆ ತಿರುಗಿ, “ಬೂದಿ ಇನ್ನೂ ಕುಂತದೆ. ವಸಿ ತಡೀರಿ. ಮುದ್ದೆ ಬೇಯೋಗಂಟ ಕಾಯ್ತೀರಿ, ಇದ್ಕೆ ಕಾಯಕಿಲ್ವಾ?” ಎಂದು ಗದರಿದರು. ಕೊಡದ ನೀರನ್ನು ಚೆಲ್ಲಿ, ಉಳಿದಿದ್ದ ನಿಂಬೆನೀರನ್ನು ಡ್ರಮ್ಮಿನ ಮೇಲಿನಿಂದಲೇ ಸುರಿದು, ಕಾದು, ಮತ್ತೆ ಬೋರ್ ನೀರು ಬಿಟ್ಟು ಒಂದಾದ ಮೇಲೊಂದು ಕೊಡ ಇಳಿಸಿದರು. ಈ ಸಲದ ಲೋಟ ಕಿತ್ತಳೆಗೆ ಬಂತು. ಇನ್ನೊಂದು ಕೊಡ ಹೋಯಿತು. ಅದರ ಮುಂದಿನ ಲೋಟದಲ್ಲಿ ಅರಿಶಿನ ಅರಿಶಿನವಾಗಿಯೇ ನಿಂತಿತು.

ಅಧ್ಯಕ್ಷರು ನಂಬದೆ ತಾವೇ ಇನ್ನೊಂದು ಚಿಟಿಕೆ ಹಾಕಿದರು. ಹಳದಿ ಇನ್ನಷ್ಟು ಗಾಢವಾಯಿತು, ಅಷ್ಟೇ.

“ಬಣ್ಣ ಸರಿ. ಅಲ್ಲು ಕೆಡ್ಸೋ ಇಸ ಓಗ್ಯದಾ?” ಎಂದು ನನ್ನನ್ನೇ ಕೇಳಿದರು. ಸರಿಯಾದ ಪ್ರಶ್ನೆ. ಅರಿಶಿನ ಕ್ಷಾರವನ್ನು ಹೇಳುತ್ತದೆ, ಫ್ಲೋರೈಡನ್ನು ಹೇಳುವುದಿಲ್ಲ. ಅದಕ್ಕೆ ನಮ್ಮ ಮೀಟರೇ ಬೇಕು, ಅದಕ್ಕಾಗಿ ತಿಂಗಳಿಗೊಮ್ಮೆ ನಾವು ಬರಲೇಬೇಕು ಎಂದೆ. ವಿದ್ಯಾರ್ಥಿನಿ ಅವರೆದುರೇ ಬೋರ್ ನೀರನ್ನು ಅಳೆದಳು, ಆಮೇಲೆ ಫಿಲ್ಟರ್ ನೀರನ್ನು. ಅಂಕಿ ಓಡಿ ಓಡಿ ನಿಂತಿತು. ಮಿತಿಗಿಂತ ಸಾಕಷ್ಟು ಕೆಳಗಿತ್ತು. ಜನವರಿಯಲ್ಲಿ ಬರುತ್ತಿದ್ದುದಕ್ಕಿಂತಲೂ ಕೆಳಗೆ. ಅವಳು ಅಂಕಿಯನ್ನು ಗಟ್ಟಿಯಾಗಿ ಓದಿದಳು.

ಅಧ್ಯಕ್ಷರು ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಎತ್ತಿ ಕುಡಿದರು. ಬಾಯಿ ಒರೆಸಿಕೊಂಡು, ಕೊನೆಗೂ ಕುರ್ಚಿಯಲ್ಲಿ ಕೂತರು. “ಡ್ರಮ್ ಇಲ್ಲೇ ಇರ್ಲಿ. ತೊಳಿಯೋದು ಈಯಮ್ಮನ್ ಕೆಲ್ಸ. ಅಳ್ಯೋದು ನಿಮ್ ಕೆಲ್ಸ. ಅರಿಸ್ಣ ಆಕಿ ನೋಡೋದು ಊರ್ ಕೆಲ್ಸ. ಆಯ್ತಾ?”

“ಆಯಿತು” ಎಂದೆ. ನನ್ನ ವೃತ್ತಿಯಲ್ಲಿ ಆಮೇಲೆ ಎಷ್ಟೋ ಸಮಿತಿಗಳ ಮುಂದೆ ನಿಂತಿದ್ದೇನೆ. ಕೆಲಸವನ್ನು ಇಷ್ಟು ಚೊಕ್ಕವಾಗಿ ಹಂಚಿಕೊಟ್ಟ ಸಮಿತಿ ಮತ್ತೊಂದು ಸಿಗಲಿಲ್ಲ. ಆ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಮುರಿದ ಗೆರೆ ಇದೆ, ಬಾಣವಿದೆ, ‘ಬೂದಿ’ ಎಂಬ ಪದವೂ ಇದೆ. ಕೃತಜ್ಞತೆಯ ಪುಟದಲ್ಲಿ ಅವಳು ನನ್ನನ್ನು ಎರಡನೆಯವನಾಗಿ ನೆನೆದಿದ್ದಾಳೆ. ಮೊದಲು ಯಾರನ್ನು ಎಂದು ಹೇಳಬೇಕಿಲ್ಲ. ಆ ಕ್ರಮ ನನಗೂ ಒಪ್ಪಿಗೆಯೇ.

ಅಂದಿನ ಕೆಲಸದಲ್ಲಿ ಒಂದು ಉಳಿದಿತ್ತು. ಅಳಿಸಿಹೋಗಿದ್ದ ಬರಹದ ಜಾಗದಲ್ಲಿ ಹೊಸದನ್ನು ಬರೆಯಬೇಕಿತ್ತು. ಮುಖ್ಯೋಪಾಧ್ಯಾಯರು ನೀಲಿ ಬಣ್ಣದ ಡಬ್ಬ, ಕುಂಚ ತಂದರು. “‘ಮುಟ್ಟಬಾರದು’ ಅಂತ್ಲೇ ಬರೆಯೋಣವಾ ಸರ್?” ಎಂದು ಅಭ್ಯಾಸಬಲದಿಂದ ಕೇಳಿದರು. ಬೇಡವೆಂದೆ. ವಿದ್ಯಾರ್ಥಿನಿ ಮಂಡಿಯೂರಿ ಕೂತು ದೊಡ್ಡ ಅಕ್ಷರಗಳಲ್ಲಿ ಬರೆದಳು: ‘ಅರಿಶಿನ ಹಾಕಿ ನೋಡಿ. ಹಳದಿ ಇದ್ದರೆ ಕುಡಿಯಿರಿ. ಕೆಂಪಾದರೆ ಅಡುಗೆಯಮ್ಮನಿಗೆ ಹೇಳಿ.’

ಅಡುಗೆಯಮ್ಮ ಅದನ್ನು ಓದಿಸಿಕೊಂಡು ಕೇಳಿದರು. ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ ‘ಕೆಂಪಾದರೆ’ಯ ಕೆಳಗೆ ಬಣ್ಣದ ಒಂದು ತೊಟ್ಟು ಇಳಿಯುತ್ತಿರುವುದು ಅವರ ಕಣ್ಣಿಗೆ ಬಿತ್ತು. ಕೈ ತಾನಾಗಿ ಬೂದಿಯ ಡಬ್ಬಿಯ ಕಡೆ ಹೋಯಿತು.

“ಅಮ್ಮೀ!” ಎಂದು ಅಧ್ಯಕ್ಷರು ಕುರ್ಚಿಯಿಂದಲೇ ಕೂಗಿದರು. “ಒಣ್ಗೋಗಂಟ ಮಾತ್ರ ಮುಟ್‌ಬ್ಯಾಡ ಕಣಮ್ಮೀ!”

ಎಲ್ಲರೂ ನಕ್ಕರು, ಎಲ್ಲರಿಗಿಂತ ಗಟ್ಟಿಯಾಗಿ ಅಡುಗೆಯಮ್ಮ. ನಾನು ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಡಬ್ಬದ ಮುಚ್ಚಳ ಭದ್ರ ಮಾಡಿ, ಎರಡನ್ನೂ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಇದ್ದ ಜಾಗದಲ್ಲೇ ಇಟ್ಟು ಬಂದೆ.